ಎರಡನೇ ಡಿಸ್ಕು

“ಮೊದಲು ಆ ಪದ ಬರಕೊಂಡು ಬಾ, ಹೆಣ ಎತ್ತೋ ಮಾತು ಆಮ್ಯಾಕೆ,” ಎಂದು ಯಂಕಮ್ಮ ಗದರಿದಾಗ ವಸಂತ ಹೆಂಡತಿ ಹಂಸಳ ತಲೆಯ ಬಳಿ ಊದುಬತ್ತಿ ಸಿಕ್ಕಿಸುತ್ತಿದ್ದ. ಕಡ್ಡಿ ಅಕ್ಕಿಯ ಲೋಟದಲ್ಲಿ ನಿಲ್ಲದೆ ವಾಲಿತು. ಗೇಟಿನಾಚೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರೂ ಒಂದು ಗಳಿಗೆ ಕೈ ನಿಲ್ಲಿಸಿದರು.

ಯಂಕಮ್ಮ ಹಂಸಳ ಚಿಕ್ಕಮ್ಮ. ಬೆಳಿಗ್ಗೆ ಕೆ.ಆರ್. ಪುರದಿಂದ ಆಟೋದಲ್ಲಿ ಬಂದಿಳಿದ ಕ್ಷಣದಿಂದ ರಾಮಮೂರ್ತಿ ನಗರದ ಆ ಪುಟ್ಟ ಮನೆಯ ಆಡಳಿತ ಅವಳ ಕೈಗೆ ಹೋಗಿತ್ತು. ವಯಸ್ಸು ಎಪ್ಪತ್ತೈದು ದಾಟಿದ್ದರೂ ದನಿ ಮಾತ್ರ ಇನ್ನೂ ತಮಟೆ. ಅವರ ಮನೆತನದಲ್ಲಿ ಹೆಣ್ಣುಮಗಳ ಹೆಣ ಹೊಸಿಲು ದಾಟುವಾಗ ಹಾಡುವ ಪದ ಒಂದಿತ್ತು. ಅದನ್ನು ಪೂರ್ತಿಯಾಗಿ ಬಲ್ಲವಳು ಹಂಸಳ ತಾಯಿ ಮುನಿಶಾಮಮ್ಮ ಒಬ್ಬಳೇ. ಅವಳು ತೀರಿಕೊಂಡು ಏಳು ವರ್ಷವಾಗಿತ್ತು.

“ನಂಗೆ ಎರಡೇ ಸಾಲು ಕಣಪ್ಪ ನೆಪ್ಪಿರೋದು. ಮಿಕ್ಕಿದ್ದೆಲ್ಲ ನಮ್ ಹಂಸ ಆ ಕಂಪೂಟ್ರಲ್ಲಿ ಇಟ್ಟವಳೆ. ನೀನು ಓದ್ತಾ ಹೋಗು, ನಾನು ರಾಗ ಹಿಡೀತೀನಿ.”

ಹಂಸಳ ತಮ್ಮ ಮುನೀಂದ್ರ ಕೈಯಲ್ಲಿ ಹಗ್ಗ ಹಿಡಿದೇ ಒಳಗೆ ಬಂದ. “ಹೌದು ಭಾವ. ಅಮ್ಮನ ಪದ ಇಲ್ದೆ ಅಕ್ಕನ್ನ ಹೆಂಗೆ ಕಳಿಸೋದು? ಐದು ನಿಮಿಷದ ಕೆಲಸ ತಾನೆ?”

ಪದ ಇದ್ದಿದ್ದರೆ ಐದು ನಿಮಿಷವೂ ಬೇಕಿರಲಿಲ್ಲ. ಅದು ಅಲ್ಲಿಲ್ಲ ಎಂಬುದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬಳು ಹೋದ ಸೋಮವಾರ ಎದೆನೋವೆಂದು ಆಸ್ಪತ್ರೆ ಸೇರಿ, ಈ ಭಾನುವಾರ ನಡುಮನೆಯಲ್ಲಿ ಮಲ್ಲಿಗೆ ಹಾರ ಹಾಕಿಸಿಕೊಂಡು ಮಲಗಿದ್ದಳು. ಇನ್ನೊಬ್ಬ ಎದ್ದು ಕೋಣೆಯೊಳಕ್ಕೆ ಹೋದ.

*

ಆ ಕಂಪ್ಯೂಟರ್ ಮನೆಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ, ವಸಂತನ ಪತ್ರಗಳಿಗೋಸ್ಕರ. ಅವನು ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಜೀವವೆಲ್ಲ ಇದ್ದದ್ದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಗಿರಿಯಲ್ಲಿ. ಚರಂಡಿಗೆ ಚಪ್ಪಡಿ ಹಾಕಿಸಿಕೊಡಿ ಎಂದು ಅವನು ಬರೆದ ಪತ್ರಗಳನ್ನೇ ಹಾಸಿದ್ದರೂ ಚರಂಡಿ ಮುಚ್ಚಿಹೋಗುತ್ತಿತ್ತು. ಒಂದಕ್ಕೂ ಉತ್ತರ ಬಂದಿರಲಿಲ್ಲ, ಅವನು ಬರೆಯುವುದನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಅವನಿಲ್ಲದ ಹೊತ್ತಿನಲ್ಲಿ ಹಂಸ ಅದರ ಮುಂದೆ ಕೂರುತ್ತಿದ್ದಳು. ಪಕ್ಕದ ಸ್ಟೀಲ್ ಸ್ಟೂಲಿನ ಮೇಲೆ ಅವಳ ತಾಯಿ, ಬಾಯಲ್ಲಿ ಎಲೆಅಡಿಕೆ. ರಾಗಿ ಬೀಸುವ ಪದ, ನಾಟಿಯ ಪದ, ಹಸೆಗೆ ಕರೆಯುವ ಪದ. ಅವರ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಮೂರು ಮೂರು ಅಂತಸ್ತು ಎದ್ದಿದ್ದವು. ಹೊಲದ ಪದಗಳು ಮಾತ್ರ ಮುದುಕಿಯ ಬಾಯಲ್ಲಿ ಉಳಿದುಕೊಂಡಿದ್ದವು.

“ನಿಧಾನ ಹೇಳಮ್ಮ, ಅಕ್ಷರ ಸಿಗ್ತಿಲ್ಲ.”

“ನಿಧಾನ ಹೇಳಿದ್ರೆ ಬರಾಕಿಲ್ಲ ಕಣೆ. ನಡೆಯೋವಾಗ ಯಾರಾದ್ರೂ ಹೆಜ್ಜೆ ನೋಡ್ಕಂತಾರಾ?”

ಹೀಗೆ ಎಂಬತ್ತಮೂರು ಪದಗಳಾದವು. ಕೊನೆಯದು ಹೊಸಿಲಿನ ಪದ. ಅದಾದ ಎರಡು ತಿಂಗಳಿಗೆ ಮುದುಕಿ ಹೋಗಿಬಿಟ್ಟಳು.

ಮರುವರ್ಷ ಕಂಪ್ಯೂಟರಿಗೆ ವೈರಸ್ ಹತ್ತಿತು. ವಸಂತ ಸಂಘದ ಪತ್ರಗಳನ್ನೆಲ್ಲ ಜತನದಿಂದ ಫ್ಲಾಪಿಗಳಿಗೆ ತುಂಬಿಕೊಂಡು, ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದ. ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯನ್ನು, ನಿನ್ನದೇನಾದರೂ ಇದೆಯಾ ಎಂದು ಕೇಳಬೇಕೆನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಸಂಜೆ ಅವಳು ಬಹಳ ಹೊತ್ತು ಹುಡುಕಿ, ಕೊನೆಗೆ ಅವನನ್ನು ಕೇಳಿದಳು. ಅವನು ಹೇಳಿದ.

“ಹೋಗ್ಲಿ ಬಿಡಿ,” ಎಂದು ಎದ್ದುಹೋಗಿ ಕುಕ್ಕರ್ ಇಟ್ಟಳು.

ಅತ್ತು ಜಗಳವಾಡಿದ್ದರೆ ಅವನೂ ಎರಡು ಮಾತಾಡಿ ಹಗುರಾಗುತ್ತಿದ್ದ. ತಪ್ಪಾಯಿತು ಎಂದು ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಆರು ವರ್ಷವಾಯಿತು.

*

ಹಂಸ ಹೊಲಿದಿದ್ದ ಕಸೂತಿ ಬಟ್ಟೆ ಸರಿಸಿ ಅವನು ಸ್ವಿಚ್ ಒತ್ತಿದ. ಕೆಟ್ಟುಹೋಗಿದೆ ಎಂದುಬಿಟ್ಟರೆ ಮುಗಿಯಿತು, ಯಾರು ಪರೀಕ್ಷೆ ಮಾಡುತ್ತಾರೆ? ಹಂಸಳೇ ಪದ ಇದೆಯೆಂಬ ಸುಳ್ಳನ್ನು ಆರು ವರ್ಷ ಕಾದುಕೊಂಡು ಬಂದಿದ್ದಳು. ಯಾರು ಕೇಳಿದರೂ, “ಒಳಗಿದೆ, ಜೋಪಾನವಾಗಿದೆ,” ಎನ್ನುತ್ತಿದ್ದಳೇ ಹೊರತು ಗಂಡನ ಹೆಸರು ಒಮ್ಮೆಯೂ ಎತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಮುನೀಂದ್ರನ ದನಿ ಕೇಳಿಸಿತು. “ಭಾವ, ನಿಮ್ ಪಾಷಾ ಭಾಯ್ ಬಂದವ್ರೆ. ಕಂಪ್ಯೂಟರ್ ರಿಪೇರಿಯೋರೇ ಬಂದ್ಮೇಲೆ ಇನ್ನೇನು!”

ಶಿವಾಜಿನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಅಹ್ಮದ್ ಪಾಷಾ ಚಪ್ಪಲಿಯನ್ನು ಹೊರಗೇ ಬಿಟ್ಟು ಮೆಲ್ಲಗೆ ಒಳಗೆ ಬಂದ. ವಸಂತನ ಎರಡೂ ಕೈ ಹಿಡಿದುಕೊಂಡ.

“ಸುದ್ದಿ ಕೇಳಿ ಅಂಗಡಿ ಮುಚ್ಚಿ ಬಂದ್ಬಿಟ್ಟೆ ಸಾರ್. ಅಕ್ಕನ ಪದ ಹುಡುಕ್ತಿದೀರಂತೆ. ಡಿ ಡ್ರೈವ್ ಓಪನ್ ಮಾಡಿ. ಆ ಎರಡನೇ ಡಿಸ್ಕ್ ಅಕ್ಕ ನನ್ ಕೈಲೇ ಹಾಕಿಸಿದ್ದು.”

ವಸಂತ ಮೌಸಿನಿಂದ ಕೈ ತೆಗೆದ. ಐದು ವರ್ಷದಲ್ಲಿ ಅವನು ಆ ಡಿ ಅಕ್ಷರವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

*

ಎರಡು ಸಾವಿರದ ಎರಡರ ಒಂದು ರಜೆಯ ಮಧ್ಯಾಹ್ನ. ಹಂಸ ತಾನೇ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಅಂಗಡಿ ವಿಚಾರಿಸಿ, ಪಾಷಾನನ್ನು ಡಿಸ್ಕಿನ ಸಮೇತ ಕರೆತಂದಿದ್ದಳು. ಅವನು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಕೊಡವಿ, ಹಳೆಯ ಡಿಸ್ಕಿನ ಕೆಳಗೆ ಹೊಸದನ್ನು ಕೂರಿಸಿದ. ಎರಡಕ್ಕೂ ಒಂದೇ ಪಟ್ಟಿ ವೈರು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಯಂತ್ರಕ್ಕೆ ತಿಳಿಸಲು ಜಂಪರ್ ಎಂಬ ಸಾಸಿವೆಯಷ್ಟರ ತುಂಡು ಬೇಕು. ಅದು ಜಾರಿ ನೆಲಕ್ಕೆ ಬಿತ್ತು. ಬಿದ್ದುಹೋದ ಮೂಗುಬೊಟ್ಟಿನ ತಿರುಪು ಹುಡುಕುವ ಹಾಗೆ ಹಂಸ ಅಂಗೈಯಲ್ಲಿ ನೆಲ ಸವರಿ ಅದನ್ನು ಹುಡುಕಿ ಕೊಟ್ಟಳು.

“ಒಂದು ಹೋದ್ರೂ ಇನ್ನೊಂದು ಇರುತ್ತಾ ಭಾಯ್?”

“ಇರುತ್ತೆ ಅಕ್ಕ. ಆದ್ರೆ ಕಾಪಿ ನೀವೇ ಹಾಕ್ತಾ ಇರ್ಬೇಕು. ತಾನಾಗೇ ಆಗಲ್ಲ.”

“ಹಾಕ್ತೀನಿ. ಪ್ರತಿ ಭಾನುವಾರ ಹಾಕ್ತೀನಿ.”

ವರಾಂಡದಲ್ಲಿ ಪೇಪರ್ ಓದುತ್ತಿದ್ದ ವಸಂತನಿಗೆ ಅದು ಕೇಳಿಸಿತು. ನನಗೆ ಕೇಳಲೆಂದೇ ಆಡಿದ ಮಾತು, ತನ್ನದನ್ನು ಇನ್ನು ನನ್ನ ಕೈಗೆ ಎಟುಕದ ಹಾಗೆ ಇಟ್ಟುಕೊಳ್ಳುತ್ತಾಳೆ, ಇಟ್ಟುಕೊಳ್ಳಲಿ, ಎಂದುಕೊಂಡ. ಅಂದಿನಿಂದ ಭಾನುವಾರ ಊಟದ ನಂತರ ಅವಳು ಹತ್ತು ನಿಮಿಷ ಆ ಕೋಣೆಯಲ್ಲಿ ಕೂತರೆ, ಅವನು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

*

ಕೊನೆಗೆ ಡಿ ತೆರೆದವನು ಪಾಷಾ. ತೆರೆ ತುಂಬ ತಾರೀಖಿನ ಹೆಸರಿನ ಫೋಲ್ಡರುಗಳು. ಎಲ್ಲವೂ ಭಾನುವಾರಗಳೇ, ಕೊನೆಯದು ಹೋದ ಭಾನುವಾರದ್ದು. ಪಾಷಾ ಅದನ್ನು ತೆರೆದು, ಕನ್ನಡಕ ಮೇಲೆ ಮಾಡಿಕೊಂಡು ನೋಡಿದ.

“ಸಾರ್... ಇದೆಲ್ಲ ನಿಮ್ದೇ.”

ಚರಂಡಿ ಒಂದು, ಚರಂಡಿ ಎರಡು, ಬೀದಿದೀಪ, ಕಾವೇರಿ ನೀರು, ಜ್ಞಾಪನಾ ಪತ್ರ. ಯಾರೂ ಉತ್ತರ ಕೊಡದ ಆ ಪತ್ರಗಳಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ತನಗಾದದ್ದು ಅವನಿಗೆ ಆಗದಿರಲಿ ಎಂದು ಅವಳು ಐದು ವರ್ಷ, ಒಂದು ವಾರವೂ ತಪ್ಪಿಸದೆ ಎತ್ತಿಟ್ಟಿದ್ದಳು.

ಡಿಯಲ್ಲೇ ಫೋಲ್ಡರುಗಳ ಕೆಳಗೆ ಬೇರೆಯಾಗಿ ಒಂದು ಫೈಲಿತ್ತು. ಹೆಸರು ‘ಅಮ್ಮ’. ಅದರಲ್ಲಿ ಒಂದರಿಂದ ಎಂಬತ್ತಮೂರರವರೆಗೆ ಅಂಕಿಗಳು. ಹತ್ತೊಂಬತ್ತು ಅಂಕಿಗಳ ಮುಂದೆ ನೆನಪಾದ ಒಂದೊಂದೋ ಎರಡೆರಡೋ ಸಾಲು, ಮಿಕ್ಕವುಗಳ ಮುಂದೆ ಏನೂ ಇಲ್ಲ. ಎಂಬತ್ತಮೂರರ ಮುಂದೆ ‘ಹೊಸಿಲಿನ ಪದ’ ಎಂದಷ್ಟೇ ಬರೆದು ಹಾಗೇ ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಅಳದ ವಸಂತ ಅಲ್ಲಿ ಮೇಜಿಗೆ ಹಣೆ ಹಚ್ಚಿ ಅತ್ತ. ಪಾಷಾ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ವಸಂತ ಮುಖ ಒರೆಸಿಕೊಂಡು ನಡುಮನೆಗೆ ಬಂದ.

“ಪದ ಇಲ್ಲ ಅತ್ತೆ,” ಎಂದ. “ಆರು ವರ್ಷದ ಹಿಂದೇನೇ ಹೋಯ್ತು. ನಾನೇ ಅಳಿಸಿದ್ದು. ಒಂದು ಮಾತು ಕೇಳ್ದೆ ಎಲ್ಲಾ ಅಳಿಸ್ಬಿಟ್ಟೆ. ಅವಳು ನನ್ನ ಮಾನ ಉಳಿಸೋಕೆ ಇದೆ ಇದೆ ಅಂತಿದ್ಲು.”

ಮುನೀಂದ್ರನ ಕೈಯಿಂದ ಹಗ್ಗ ಕೆಳಗೆ ಬಿತ್ತು. “ಭಾವ, ಅಮ್ಮಂದು ಅಂತ ಉಳ್ದಿದ್ದೇ ಅದೊಂದು,” ಎಂದ. ಗೋಡೆ ಕಡೆ ತಿರುಗಿದ.

ಯಂಕಮ್ಮ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಹಂಸಳ ಮುಖವನ್ನೇ ನೋಡುತ್ತಿದ್ದಳು.

“ಅಯ್ಯೋ ನನ್ ಕಂದ,” ಎಂದಳು, ತಮಟೆಯ ದನಿ ಎಲ್ಲೋ ಹೋಗಿತ್ತು. “ಹಬ್ಬಹಬ್ಬಕ್ಕೂ ಬಂದು, ಚಿಕ್ಕಮ್ಮ ಅಮ್ಮನ ಪದ ಒಂದ್ಸಲ ಹೇಳು ಅಂತ ಕೂತ್ಕಳವ್ಳು. ಬರಕೊಂಡಿದೀಯಲ್ಲೇ, ಮತ್ಯಾಕೆ ನನ್ ಗಂಟಲು ಹರೀತೀಯ ಅಂತ ಬೈದು ಎಬ್ಬಿಸ್ತಿದ್ದೆ ಕಣಪ್ಪ. ಆಗ ಇನ್ನೂ ಒಂದಷ್ಟು ನೆಪ್ಪಿತ್ತು ನಂಗೆ.”

ಆಮೇಲೆ ಯಾರೂ ಯಾರನ್ನೂ ಬೈಯಲಿಲ್ಲ. ಚಟ್ಟವನ್ನು ಒಳಗೆ ತಂದು ಹಂಸಳನ್ನು ಮಲಗಿಸಿ ಎತ್ತಿದರು. ಒಂದು ಹೆಗಲು ವಸಂತನದು, ಪಕ್ಕದ್ದು ಮುನೀಂದ್ರನದು, ಹಿಂದಿನೆರಡರಲ್ಲಿ ಒಂದು ಪಾಷಾನದು. ಹೊಸಿಲ ಬಳಿ ಯಂಕಮ್ಮ ತನಗಿದ್ದ ಎರಡು ಸಾಲನ್ನೇ ಹಿಡಿದಳು.

“ಒಸಿ ನಿಲ್ಲಿ ಹೊತ್ತೋರೆ, ಹೊಸಿಲಾಚೆ ಹೋಗಬ್ಯಾಡಿ,
ಹಾಲಿಟ್ಟು ಬಂದೀನಿ ಒಲೆಮ್ಯಾಲೆ...”

ಮುಂದೆ ಬಾರದೆ ಮತ್ತೆ ಮೊದಲಿನಿಂದ ಹೇಳಿದಳು. ಮೂರನೆಯ ಸಲ ಬೀದಿಯ ಹೆಂಗಸರೂ ದನಿ ಸೇರಿಸಿದರು. ಹೊತ್ತವರು ಅಷ್ಟು ಹೊತ್ತೂ ಹೊಸಿಲಿನಲ್ಲೇ ನಿಂತಿದ್ದರು.

*

ಮಣ್ಣು ಮಾಡಿ, ಸ್ನಾನ ಮುಗಿಸಿ ಬಂದಾಗ ಸಂಜೆಯಾಗಿತ್ತು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಕೋಣೆಯಲ್ಲಿ ಕಂಪ್ಯೂಟರ್ ಬೆಳಿಗ್ಗೆಯಿಂದ ಆರಿಸದೆ ಹಾಗೇ ಗುಂಯ್ಗುಡುತ್ತಿತ್ತು. ವಸಂತ ಅದರ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಯಂಕಮ್ಮ ಬಂದು, ಯಾರೂ ಹೇಳದೆಯೇ ಸ್ಟೀಲ್ ಸ್ಟೂಲನ್ನು ಎಳೆದುಕೊಂಡಳು.

“ಬರ್ಕೋ,” ಎಂದಳು.

ಅವಳು ಹೇಳಿದಳು. ಅವನು ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ ಎಂಬತ್ತಮೂರರ ಮುಂದೆ ಆ ಎರಡು ಸಾಲು ಒತ್ತಿದ.

“ಮತ್ತೆ ಅಳಿಸೋಗಾಕಿಲ್ಲ ತಾನೆ?”

“ಎರಡು ಕಡೆ ಇಡ್ತೀನಿ ಅತ್ತೆ.”

ಅವನು ‘ಅಮ್ಮ’ವನ್ನು ಮೊದಲ ಡಿಸ್ಕಿಗೂ ಕಾಪಿ ಮಾಡಿದ. ಆಮೇಲೆ ಡಿ ತೆರೆದು, ಹೋದ ಭಾನುವಾರದ ಕೆಳಗೆ ಹಂಸ ಬರೆಯುತ್ತಿದ್ದ ಹಾಗೆಯೇ ಈ ಭಾನುವಾರದ ತಾರೀಖು ಬರೆದ. ಅದರೊಳಗೆ ಆ ಒಂದು ಫೈಲನ್ನಷ್ಟೇ ಇಟ್ಟ, ಪತ್ರಗಳನ್ನು ಮುಟ್ಟಲಿಲ್ಲ.

ಯಂಕಮ್ಮ ಏಳಲಿಲ್ಲ. ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತಾ, ಕಣ್ಣುಮುಚ್ಚಿ ತುಟಿಯಲ್ಲೇ ಏನನ್ನೋ ಹಿಡಿಯಲು ನೋಡುತ್ತಿದ್ದಳು. ವಸಂತ ಎಂಬತ್ತೆರಡಕ್ಕೆ ಬಂದು, ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಕಾದ.