ಚಾವಿಯ ಗುರುತು ಕೇಳುವ ಕಾರು

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಆ ಓಣಿಯಲ್ಲಿ ಏನೇ ಎಡವಟ್ಟಾದರೂ ಮೊದಲು ಬರುವ ಹೆಸರು ದುರಗೇಶನದು. ಕೋಳಿ ಕಾಣೆಯಾದರೂ ಅವನೇ, ಟಿವಿ ಕೈಕೊಟ್ಟರೂ ಅವನೇ. ಹಾಗಾಗಿ ಅಕ್ಕ ಹೇಮಾವತಿಯ ಕಾರು ಬೆಳಿಗ್ಗೆ ಗರಗರ ಎಂದು ಸುಮ್ಮನಾದಾಗ, ಓಣಿಯ ಕಣ್ಣುಗಳೆಲ್ಲ ಕಾರನ್ನು ಬಿಟ್ಟು ಇವನ ಮೇಲೆ ಬಿದ್ದವು.

“ಏನ್ ಮಾಡೀದಿ ಹೇಳಲೇ?” ಎಂದಳು ಹೇಮಾವತಿ.

“ಯಕ್ಕಾ, ನಿನ್ನಾಣಿ, ಈ ಸೀನಿನ್ಯಾಗ ನಾ ಇಲ್ಲ!”

ಅವತ್ತು ಅವಳ ಮೊದಲ ಟ್ರಿಪ್. ಅಳವಂಡಿಯ ಶಾಲೆಗೆ ಹೋಗುವ ನಾಲ್ವರು ಟೀಚರುಗಳು ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಹೆಣ್ಣುಮಗಳು ಗಾಡಿ ಓಡಿಸಿದರೆ ನಮಗೂ ನಿರಾಳ ಎಂದು ಅವರೇ ಕೇಳಿ ಗೊತ್ತು ಮಾಡಿದ್ದರು. ಇವಳು ಹೋಗದಿದ್ದರೆ ಅವರು ಎದುರುಮನೆ ಗೌರೀಶನ ವ್ಯಾನು ಹತ್ತುತ್ತಾರೆ. ಒಮ್ಮೆ ಹತ್ತಿದವರು ಮತ್ತೆ ಇಳಿಯುವುದುಂಟೇ? ಗೌರೀಶ ಹಲ್ಲುಜ್ಜುತ್ತ ಬಾಗಿಲಲ್ಲೇ ನಿಂತಿದ್ದ.

“ಹೇಮವ್ವಾ, ನಾ ಕರ್ಕೊಂಡು ಹೋಗ್ಲೇನವಾ ನಿನ್ನ ಟೀಚರ್ಗಳ್ನ?” ಎಂದ, ಬಾಯಲ್ಲಿ ನೊರೆ ಇಟ್ಟುಕೊಂಡೇ.

“ಅಣ್ಣಾರ, ಇನ್ನಾ ಇಂಟರ್ವೆಲ್ ಆಗಿಲ್ರಿ, ಕ್ಲೈಮ್ಯಾಕ್ಸಿಗೆ ಯಾಕ ಅವಸರ? ಮೊದ್ಲ ಬಾಯಿ ತೊಳ್ಕೋರಿ,” ಎಂದ ದುರಗೇಶ.

ಡೈಲಾಗ್ ಹೊಡೆದನೇ ಹೊರತು ಒಳಗೊಳಗೇ ಅಳುಕು. ಹಳೆಯ ಕಾರು, ಇದ್ದದ್ದು ಒಂದೇ ಚಾವಿ. ಆ ಚಾವಿಯನ್ನು ಮೊನ್ನೆ ಜೇಬಿಗಿಳಿಸಿಕೊಂಡು ಕುಷ್ಟಗಿ ಬಸ್ಸು ಹತ್ತಿದ್ದ ಅವನು, ತಾನೇ ದೊಡ್ಡ ಕಾರಿನ ಧಣಿ ಎಂಬಂತೆ ದಾರಿಯುದ್ದಕ್ಕೂ ಅದರ ಗುಂಡಿ ಒತ್ತುತ್ತಲೇ ಕೂತಿದ್ದ. ಅದಕ್ಕೇ ಕೆಟ್ಟಿತೇ? ಗಂಗಾವತಿಯಲ್ಲಿ ಕಾರಿನ ಚಾವಿ ಮಾಡಿಕೊಡುವ ಇಲಿಯಾಸನಿಗೆ ಫೋನ್ ಹಚ್ಚಿ, ಸ್ಪೀಕರ್ ಮೇಲಿಟ್ಟ.

“ಇಲಿಯಾಸಣ್ಣಾ, ಗುಂಡಿ ಭಾಳ ಒತ್ತಿದ್ರ ಚಾವಿ ಸಾಯ್ತೈತೇನು?”

“ಬಾಗಲ ತೆಗೀತೈತೋ ಇಲ್ಲೋ?”

“ತೆಗೀತೈತಿ.”

“ಹಂಗಾರ ಬದುಕೈತಿ ಬಿಡು. ಒತ್ತಿದಾಗೆಲ್ಲ ಅದು ಹೊಸಾ ಗುಟ್ಟಿನ ನಂಬರ್ ಕಳಸ್ತೈತಿ. ಕಳ್ಳ ನಡುವ ಹಿಡಕೊಂಡ್ರೂ ಅದs ನಂಬರ್ ಎರಡ್ನೇ ಸಲ ನಡಿಯಂಗಿಲ್ಲ. ಆದ್ರ ಅದು ಬಾಗಲದ ಮಾತು. ಎಂಜಿನ್ ಮಾತು ಬ್ಯಾರೆ. ಮೀಟರಿನ್ಯಾಗ ಚಾವಿ ಚಿತ್ರ ಮಿಣುಕತೈತೇನು ನೋಡು.”

ದುರಗೇಶ ಇಣುಕಿದ. ಕೆಂಪನೆಯ ಪುಟ್ಟ ಚಾವಿಯೊಂದು ಕಣ್ಣು ಹೊಡೆಯುತ್ತಿತ್ತು.

“ಮಿಣುಕಾಕ ಹತ್ತೈತಣ್ಣಾ.”

“ಗಾಡಿ ನಿಮ್ಮ ಚಾವಿ ಗುರ್ತು ಹಿಡೀವಲ್ದು. ಚಾವಿ ತಲ್ಯಾಗ ಅಕ್ಕಿಕಾಳಿನಷ್ಟು ಒಂದ್ ಚಿಪ್ ಇರತೈತಿ, ಅದಕ ಸೆಲ್ ಇಲ್ಲ ಗಿಲ್ ಇಲ್ಲ. ಚಾವಿ ಹಾಕೋ ತೂತಿನ ಸುತ್ತ ತಂತಿ ಸುರುಳಿ ಇರತೈತಲ್ಲ, ಅದು ‘ಯಾರಪಾ ನೀ?’ ಅಂತ ಕೇಳತೈತಿ, ಚಿಪ್ ತನ್ನ ಗುರ್ತು ಹೇಳತೈತಿ. ಹೇಳ್ಲಿಲ್ಲಂದ್ರ ಎಂಜಿನ್ನಿಗೆ ಎಣ್ಣಿ ಬಿಡಂಗಿಲ್ಲ. ಚಾವಿಗೆ ತಗಡು ಗಿಗಡು ಸುತ್ತೀರೇನು?”

“ಇಲ್ಲಣ್ಣಾ, ಬರೇ ಕರಿ ದಾರ ಐತಿ. ದೃಷ್ಟಿ ಆಗಬಾರ್ದಂತ ನಿನ್ನೆ ರಾತ್ರಿ ಅಜ್ಜಿ ಸುತ್ಯಾಳ.”

ಹೇಳುತ್ತಲೇ ದಾರವನ್ನು ಬೆರಳಿನಿಂದ ಒತ್ತಿದ. ಗುಂಡಿಗಳನ್ನಷ್ಟೇ ಬಿಟ್ಟು ಚಾವಿಯ ತಲೆಗೆ ಬಿಗಿಯಾಗಿ ಬಿಗಿದ ದಾರದ ಕೆಳಗೆ ಏನೋ ಗಟ್ಟಿ, ತಣ್ಣಗೆ. ತಲೆ ಎತ್ತಿದರೆ, ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಪಕ್ಕೀರವ್ವ ಮುಖ ಆಚೆ ತಿರುಗಿಸಿಬಿಟ್ಟಳು.

ಗೌರೀಶ ಇನ್ನೂ ಅಲ್ಲೇ ಇದ್ದ. ಇದು ಗೊತ್ತಾದರೆ ‘ಮುದುಕಿ ಮೊಮ್ಮಗಳ ದಾರಿಗೆ ಅಡ್ಡ ಬಂದಳು’ ಎಂದು ಸಂಜೆಯೊಳಗೆ ಓಣಿಯೆಲ್ಲ ಹಾಡಿಬಿಡುತ್ತಾನೆ. ದುರಗೇಶ ಎದೆ ಸೆಟೆಸಿದ.

“ಯಕ್ಕಾ, ನಾನs ಮಾಡಿದ್ದು. ಚ್ಯಾಷ್ಟಿಗೆ ಒಳಗ ತಗಡು ಸುತ್ತಿದ್ದೆ. ಹೊಡಿ ಎಷ್ಟ್ ಹೊಡೀತಿ.”

ಹೇಮಾವತಿಯ ಕೈ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಕಟ್ಟೆಯಿಂದ ಗುಡುಗು.

“ಏ ಖೋಡಿ! ನಾ ಸುತ್ತಿದ್ದು ನೀ ಸುತ್ತೀನಿ ಅಂತೀಯೇನು?” ಪಕ್ಕೀರವ್ವ ಎದ್ದು ಬಂದಳು. “ಇಲ್ಲೇ ನಮ್ಮ ಜಿಲ್ಲಾದ ಮಂಗಳೂರಾಗ ತಾಯತ ಕಟ್ಟೋ ಹಜರತಬೀ ಕೊಟ್ಟ ತಾಮ್ರದ ತಗಡು ಅದು. ಗಾಡಿ ಮುಂದ ಕಟ್ಟು ಅಂದಿದ್ಲು. ಮುಂದ ಕಟ್ಟಿದ್ರ ಮುಂದಷ್ಟs ಕಾಯ್ತೈತಿ. ಗಾಡಿ ಜೀವ ಚಾವ್ಯಾಗ ಅಲ್ಲೇನು ಇರೋದು? ಅದಕs ಅಲ್ಲಿ ಸುತ್ತಿದೆ. ತಪ್ಪಾತೇನು?”

ಫೋನಿನಲ್ಲಿ ಇಲಿಯಾಸ ನಗತೊಡಗಿದ. “ಅಜ್ಜಿ, ಜೀವ ಅಲ್ಲೇ ಐತ್ರಿ, ಖರೇ! ಆದ್ರ ನೀವು ಅದರ ಬಾಯಿ ಕಟ್ಟಿಬಿಟ್ಟೀರಿ!”

ಪಕ್ಕೀರವ್ವ ಚಾವಿಯನ್ನು ಕಸಿದುಕೊಂಡು, ಉಳಿದಿದ್ದ ಹಲ್ಲಿನಲ್ಲೇ ದಾರ ಕಡಿದಳು.

“ಬಿಚ್ಚಿದ್ರ ಅಪಶಕುನ ಅಂತಿದ್ದೆಲ್ಲಬೇ?” ಎಂದಳು ಹೇಮಾವತಿ.

“ಕಲ್ತ ಹುಡುಗಿ ಗಾಡಿ ಬಿಟ್ಟು ಮನ್ಯಾಗ ಕುಂದರೋದು ಅದಕ್ಕಿಂತ ದೊಡ್ಡ ಅಪಶಕುನ. ತಗೋ, ಹಚ್ಚು.”

ತಾಮ್ರದ ತಗಡು ಅಜ್ಜಿಯ ಸೆರಗಿನ ಗಂಟು ಸೇರಿತು. ಹೇಮಾವತಿ ಚಾವಿ ತಿರುಗಿಸಿದಳು. ಕೆಂಪು ಚಿತ್ರ ಒಂದು ಕ್ಷಣ ಬೆಳಗಿ ಆರಿಹೋಯಿತು. ಮರುಗಳಿಗೆ ಎಂಜಿನ್ ಬುರ್ರೆಂದಿತು.

“ಅಣ್ಣಾರ, ಈಗ ಬಾಯಿ ತೊಳ್ಕೊಂಡ್ರೂ ನಡೀತೈತಿ, ಬಿಟ್ರೂ ನಡೀತೈತಿ!” ಎಂದು ಗೌರೀಶನಿಗೆ ಕೂಗಿ ದುರಗೇಶ ಹಿಂದಿನ ಸೀಟಿಗೆ ಹಾರಿದ.

ಬಸ್ ಸ್ಟ್ಯಾಂಡಿನಲ್ಲಿ ಟೀಚರುಗಳು ರಸ್ತೆ ನೋಡುತ್ತಿದ್ದರು. ಅವರಲ್ಲಿ ಹಿರಿಯರಾದ ಲಲಿತಾ ಟೀಚರ್ ಮುಂದಿನ ಬಾಗಿಲು ತೆರೆದರು. “ತಡಾ ಆತಲ್ಲವಾ ಹೇಮಾ.”

“ನಾಳಿಂದ ಆಗಂಗಿಲ್ರಿ ಟೀಚರ.”

“ಆತು ಬಿಡು. ನಾಳೆನೂ ಇಲ್ಲೇ ನಿಂತಿರ್ತೀವಿ.”

ದುರಗೇಶ ಇಳಿದು ಜಾಗ ಬಿಟ್ಟುಕೊಟ್ಟ. ಕಾರು ಅಳವಂಡಿಯ ಕಡೆ ಹೊರಳಿತು. ಇಂಥ ಹೊತ್ತಿಗೆ ಒಂದು ಭರ್ಜರಿ ಡೈಲಾಗ್ ಬೇಕೇ ಬೇಕು. ದುರಗೇಶ ಈ ಸಲ ಡೈಲಾಗ್ ಬಿಟ್ಟ. ಎರಡು ಬೆರಳು ನಾಲಗೆಯ ಕೆಳಗಿಟ್ಟು, ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡುವಂತೆ ಸಿಳ್ಳೆ ಹೊಡೆದ.