ಅಮ್ಮನ ಹಾಡಿನ ಎರಡನೇ ಬದಿ

ನಡು ಮಧ್ಯಾಹ್ನ ಮೇಣದಬತ್ತಿ ಹಚ್ಚಬೇಕಾದ ಕಾಲ ಅದು. ಇರಾಕಿನ ಸೈನ್ಯ ಓಡಿಹೋಗುವಾಗ ಎಣ್ಣೆಬಾವಿಗಳಿಗೆ ಇಟ್ಟ ಬೆಂಕಿ ಮಾರ್ಚ್ ಬಂದರೂ ಆರಿರಲಿಲ್ಲ. ಚಳಿಗಾಲದ ಕೊನೆಯ ಮೋಡದ ಜೊತೆ ಆ ಹೊಗೆಯೂ ಸೇರಿ ಕುವೈತಿನ ಮೇಲೆ ಆಕಾಶವೇ ಇಲ್ಲದಂತಾಗಿತ್ತು. ನಾಲ್ಕು ಹನಿ ಬಿದ್ದರೆ ಸಾಕು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಮಸಿ.

ಇಂಥ ಮಂಕು ದಿನಗಳಿಗೆಂದೇ ಅಶ್ಮಿತಾಳ ಬಳಿ ಒಂದು ಕ್ಯಾಸೆಟ್ಟಿತ್ತು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅಮ್ಮ ಹೇಳುತ್ತಿದ್ದ ತುಳು ಹಾಡುಗಳು. ಅಮ್ಮ ತೀರಿಕೊಳ್ಳುವ ಮೊದಲು ಅಪ್ಪ ಯಾರದೋ ಟೇಪ್‌ರೆಕಾರ್ಡರ್ ತಂದು ಹಾಡಿಸಿದ್ದರು. ಎಲ್ಲವೂ ಅಳುವ ಹಾಡುಗಳೇ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಅಕ್ಕ ವಾರಿಜಾಳ ಜೊತೆಗಿರಲು ಕುವೈತಿಗೆ ಬಂದವಳು ಸೀರೆಯ ಮಡಿಕೆಯಲ್ಲಿ ಅದನ್ನೂ ತಂದಿದ್ದಳು. ಮೋಡ ಕವಿದ ಶುಕ್ರವಾರಗಳಲ್ಲಿ ಅಕ್ಕತಂಗಿ ಕಂಬಳಿ ಹೊದ್ದು ಅದನ್ನು ಕೇಳುತ್ತಿದ್ದರೆ ಭಾವ ಭೋಜ, "ಎಂತ, ಸೂತಕದ ಮನೆಯಾ ಇದು?" ಎಂದು ನಗುತ್ತಿದ್ದ.

ಸೈನಿಕರು ಟಿ.ವಿ.ಯ ಜೊತೆ ಉಳಿದ ಕ್ಯಾಸೆಟ್ಟುಗಳನ್ನೆಲ್ಲ ಹೊತ್ತೊಯ್ದಿದ್ದರು. ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಿದ್ದ ಟೇಪ್‌ರೆಕಾರ್ಡರ್ ಮತ್ತು ಇದೊಂದು ಕ್ಯಾಸೆಟ್ಟು ಮಾತ್ರ ಉಳಿದಿದ್ದವು.

ಆ ದಿನ ಭೋಜ ಓಡುತ್ತಲೇ ಮೆಟ್ಟಿಲು ಹತ್ತಿ ಬಂದ. ಕೆಳಗಿನ ಮನೆಯ ಬಾವಾಕುಂಞಿ ಸೌದಿಯ ದಮ್ಮಾಮಿಗೆ ಹೋಗುವ ಲಾರಿಯಲ್ಲಿ ಹೊರಟಿದ್ದರು. ಅಲ್ಲಿಂದ ಬೊಂಬಾಯಿ, ಬೊಂಬಾಯಿಯಿಂದ ಊರು.

"ಕ್ಯಾಸೆಟ್ ಕೊಡು ಅಶ್ಮಿತಾ. ಎರಡನೇ ಬದಿಯಲ್ಲಿ ನಾವು ಮಾತಾಡುವ."

"ಅದರಲ್ಲಿ ಅಮ್ಮ..."

"ಗೊತ್ತುಂಟು ಮಾರಾಯ್ತಿ. ಆದ್ರೆ ಕಾಗದ ಬರೆದ್ರೆ ನನ್ನ ಅಮ್ಮ ನಂಬ್ತಾರಾ? ಯಾರೋ ಬರ್ದದ್ದು ಅಂತಾರೆ. ಸ್ವರ ಕೇಳಿದ್ರೆ ಮಾತ್ರ ನಾವು ಬದುಕಿದ್ದೇವೆ ಅಂತ ಗೊತ್ತಾಗುದು."

ಅದು ನಿಜ. ಇರಾಕಿನವರು ನುಗ್ಗಿದ ಆಗಸ್ಟಿನಿಂದ ಊರಿಗೆ ಒಂದು ಸುದ್ದಿಯೂ ಹೋಗಿರಲಿಲ್ಲ. ಅಶ್ಮಿತಾ ಕ್ಯಾಸೆಟ್ಟು ತಂದಳು. ಕರೆಂಟಿಲ್ಲದ್ದರಿಂದ ಭೋಜ ಮೂಲೆಯಲ್ಲಿಟ್ಟಿದ್ದ ಕಾರಿನ ಬ್ಯಾಟರಿಯಿಂದ ವೈರು ಎಳೆದು ಟೇಪ್‌ರೆಕಾರ್ಡರಿಗೆ ಸಿಕ್ಕಿಸಿದ.

ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸುವುದಕ್ಕೆ ಆ ಮನೆಯಲ್ಲಿ ಒಂದು ಕ್ರಮವಿತ್ತು. ಬಾಗಿಲು ಮುಚ್ಚಬೇಕು. ಯಾರೂ ಅಳಬಾರದು. ಯಾರದಾದರೂ ಸ್ವರ ಒಡೆದರೆ ಭೋಜ ಪಕ್ಕನೆ ನಿಲ್ಲಿಸಿ, ಹಿಂದೆ ತಿರುಗಿಸಿ, ಅಳಿಸಿ, ಮತ್ತೆ ಹೇಳಿಸುತ್ತಿದ್ದ. ಎಲ್ಲರದೂ ಮುಗಿದ ಮೇಲೆ ಅಶ್ಮಿತಾಳ ಪಾಲಿನದು ಒಂದೇ ಮಾತು: "ನಾನು ಸೌಖ್ಯ." ಊರಿನಲ್ಲಿ ಭೋಜನ ಅಮ್ಮನ ಜಗಲಿಯಲ್ಲಿ ನೆರೆಕರೆಯವರೆಲ್ಲ ಕೂತು ಕೇಳುವಾಗ ಅಪ್ಪನೂ ಬಂದು ಆ ಒಂದು ಮಾತಿಗಾಗಿ ಕಾಯುತ್ತಿದ್ದರಂತೆ.

"ಈಗ ಕೇಳಿ," ಎಂದ ಭೋಜ. "ನನ್ನ ಅಂಗಡಿ ಲೂಟಿಯಾದ ವಿಷಯ ಬೇಡ. ಕೆಲಸ ಉಂಟು ಅಂತ ಹೇಳುವ." ಆಮೇಲೆ ವಾರಿಜಾಳ ಕಡೆ ನೋಡದೆ, "ಮಗು ಸೌಖ್ಯ ಅಂತ್ಲೂ ಹೇಳುವ," ಎಂದ.

ವಾರಿಜಾ ಗೋಡೆಗೆ ಒರಗಿ ಕೂತಿದ್ದಳು.

ಯುದ್ಧಕ್ಕೆ ಮುಂಚಿನ ಕೊನೆಯ ಕ್ಯಾಸೆಟ್ಟಿನಲ್ಲಿ ಅವಳು ಬಸುರಿಯೆಂಬ ಸುದ್ದಿ ಹೋಗಿತ್ತು. ಅಕ್ಟೋಬರಿನಲ್ಲಿ, ಆಸ್ಪತ್ರೆಗೆ ಹೋಗಲು ದಾರಿಯೇ ಇಲ್ಲದ ಒಂದು ದಿನ, ಮಗು ಹೋಗಿತ್ತು. ಬಕೆಟ್ಟಿನ ನೀರು ಬದಲಿಸಿದವಳು, ಬಟ್ಟೆ ಒಗೆದವಳು ಅಶ್ಮಿತಾ. ಅಂದಿನಿಂದ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಕ್ಕ ಅಮ್ಮನ ಹಾಡು ಹಾಕಿದಾಗ ಮಾತ್ರ ಅಳುತ್ತಿದ್ದಳು, ಹಾಡಿಗೆ ಅತ್ತಂತೆ.

"ಸದ್ಯಕ್ಕೆ ಹಾಗೆ ಹೇಳುವ. ಊರಿಗೆ ಹೋದ ಮೇಲೆ ನೋಡುವ," ಎನ್ನುತ್ತ ಭೋಜ ಬಟನ್ನಿಗೆ ಬೆರಳಿಟ್ಟ.

ಅಶ್ಮಿತಾ ಟೇಪ್‌ರೆಕಾರ್ಡರನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದೆಂತದು?"

"ಅಮ್ಮನ ಹಾಡು ಅಳಿಸುವುದಾದ್ರೆ ಅಳಿಸುವ ಭಾವ. ಅದರ ಮೇಲೆ ಸುಳ್ಳು ಹೇಳ್ಲಿಕ್ಕಿಲ್ಲ."

"ಓಹೋ! ಬಾಯಿ ಬಂತಾ ನಿಂಗೆ?"

"ಬಂತು."

ಕೆಳಗಿನಿಂದ ಬಾವಾಕುಂಞಿ ಕೂಗಿದರು. "ಭೋಜಣ್ಣ, ಯಲ್ಲಾ ಯಲ್ಲಾ, ಬೇಗ! ಡ್ರೈವರ್ ಬೈತಿದ್ದಾನೆ ಮಾರ್ರೆ!"

"ನನ್ನ ಅಮ್ಮ ಅಳ್ತಾರೆ, ಹುಚ್ಚಿ," ಎಂದ ಭೋಜ, ಸ್ವರ ತಗ್ಗಿಸಿ.

"ಅಳ್ಲಿ. ಆಗಸ್ಟಿನಿಂದ ಏನೂ ಗೊತ್ತಿಲ್ಲದೆ ಅತ್ತಿರ್ತಾರೆ. ಇನ್ನು ಗೊತ್ತಿದ್ದು ಅಳ್ಲಿ. ಅಕ್ಕ ಒಬ್ಬಳೇ ಎಷ್ಟು ಅಳುದು?"

ಭೋಜ ಹೆಂಡತಿಯ ಕಡೆ ನೋಡಿದ. ವಾರಿಜಾ ಗಂಡನನ್ನೇ ನೋಡುತ್ತಿದ್ದಳು. ಅವಳು ಹೇಳಿದ್ದು ಇಷ್ಟೇ: "ಅವಳು ಹೇಳ್ಲಿ."

ಎರಡನೇ ಬದಿಯ ಮೊದಲಿಗಿದ್ದದ್ದು ಅಶ್ಮಿತಾಳಿಗೆ ಎಲ್ಲಕ್ಕಿಂತ ಇಷ್ಟದ ಹಾಡು. ಹೊಳೆಯಾಚೆಗೆ ಮದುವೆಯಾಗಿ ಹೋಗುವ ಹುಡುಗಿ, ದೋಣಿಯಣ್ಣನನ್ನು ಮೆಲ್ಲಗೆ ಹುಟ್ಟು ಹಾಕು ಎಂದು ಬೇಡುವ ಹಾಡು. ಮುಂದಕ್ಕೆ ಓಡಿಸಿ ಬೇರೆ ಯಾವುದನ್ನಾದರೂ ಅಳಿಸಬಹುದಿತ್ತು. ಅವಳು ಓಡಿಸಲಿಲ್ಲ. ಅಮ್ಮ ಉಸಿರು ಎಳೆಯುವ ಜಾಗವೂ ಸೇರಿ ಅವಳಿಗೆ ಪೂರ್ತಿ ಬಾಯಿಗೆ ಬರುತ್ತಿದ್ದ ಹಾಡು ಅದೊಂದೇ. ಉಳಿದವುಗಳಲ್ಲಿ ಅಮ್ಮ ಇರಲಿ. ಬಟನ್ ಒತ್ತಿದಳು.

"ನಾವು ಮೂರು ಜನ ಬದುಕಿದ್ದೇವೆ," ಎಂದಳು. "ಭಾವನ ಅಂಗಡಿ ಹೋಯಿತು. ಅಕ್ಕನ ಮಗು ಉಳಿಯಲಿಲ್ಲ. ಇಲ್ಲಿ ಹಗಲಿಗೂ ದೀಪ ಬೇಕು. ನಾವು ಸೌಖ್ಯ ಇಲ್ಲ. ಆದ್ರೆ ಇದ್ದೇವೆ." ರೀಲು ಸುಮ್ಮನೆ ತಿರುಗುತ್ತಿತ್ತು. ಅವಳು ಹಾಡತೊಡಗಿದಳು.

ಎರಡನೇ ಸಾಲಿಗೆ ಸ್ವರ ಒಡೆಯಿತು. ಭೋಜನ ಬೆರಳು ಅಭ್ಯಾಸದಂತೆ ಬಟನ್ನಿನತ್ತ ಬಂತು. ಅಶ್ಮಿತಾ ಹಾಡು ನಿಲ್ಲಿಸದೆ ಆ ಕೈಯನ್ನು ತಳ್ಳಿದಳು. ಮೂರನೇ ಸಾಲಿಗೆ ವಾರಿಜಾಳ ಸ್ವರವೂ ಸೇರಿತು, ತಾಳ ತಪ್ಪಿ, ಬಿಡದೆ. ಭೋಜ ಎದ್ದು ಕಿಟಕಿಯ ಹತ್ತಿರ ಹೋಗಿ ಅವರಿಗೆ ಬೆನ್ನು ಹಾಕಿ ನಿಂತ. ಹಾಡು ಮುಗಿದ ಮೇಲೆ ಅಲ್ಲಿಂದಲೇ, "ಅಮ್ಮ, ನಾನು ಭೋಜ," ಎಂದ. ಅಷ್ಟೇ ಹೇಳಿದ.

ಕೆಳಗೆ ಹೋಗಿ ಕ್ಯಾಸೆಟ್ಟು ಕೊಡಲು ಭೋಜ ಕೈ ಚಾಚಿದ. ಅಶ್ಮಿತಾ ಕೊಡಲಿಲ್ಲ. ಗಂಡಸರು ನಿಂತಲ್ಲಿಗೆ ಯಾವತ್ತೂ ಒಬ್ಬಳೇ ಹೋಗದವಳು ಕತ್ತಲೆಯ ಮೆಟ್ಟಿಲಿನಲ್ಲಿ ಗೋಡೆ ಹಿಡಿದುಕೊಂಡು ಇಳಿದಳು. ಲಾರಿಯ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

"ಬಾವಾಕ, ಇದು ಭಾವನ ಮನೆಗೆ. ನನ್ನ ಅಪ್ಪನನ್ನೂ ಕರೆದು ಕೂರಿಸ್ಬೇಕು."

"ಆಯ್ತು ಮಗಳೇ. ಸೌಖ್ಯ ಅಂತ ಹೇಳ್ಬೇಕಲ್ಲ?"

"ಬೇಡ. ನೀವು ಎಂತದೂ ಹೇಳ್ಬೇಡಿ. ಯಾರು ಅತ್ತರೂ ಮಧ್ಯದಲ್ಲಿ ನಿಲ್ಲಿಸ್ಬಾರ್ದು ಅಂತ ಮಾತ್ರ ಹೇಳಿ."