ತಿರುಗುವ ಜಾಗಕ್ಕೆ ಎಣ್ಣೆ

ರಶ್ಮಿತಾ ಸೋಲುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕು. ದೇವರ ಮುಂದೆ ಕೈ ಮುಗಿದು ನಿಂತಾಗಲೂ ಲಿಖಿತಾಳಿಗೆ ಬೇರೆ ಬೇಡಿಕೆ ನೆನಪಾಗುತ್ತಿರಲಿಲ್ಲ. ತಾನು ಗೆಲ್ಲಬೇಕು ಎಂಬುದೆಲ್ಲ ಆಮೇಲಿನ ಮಾತು.

ಹೊಟ್ಟೆಕಿಚ್ಚು ಸುಮ್ಮನೆ ಹುಟ್ಟಿದ್ದಲ್ಲ. ಪಾಲಿಬೆಟ್ಟದ ಹತ್ತಿರದ ಆ ಎಸ್ಟೇಟಿನಲ್ಲಿ ಸೈಕಲ್ ಹುಚ್ಚು ಹಿಡಿದ ಮಗು ಎಂದರೆ ಒಂದೇ, ಅದು ಅಲ್ಲಿನ ಲೆಕ್ಕ ಬರೆಯುವ ರೈಟರ್ ಕೂಸಪ್ಪನ ಮಗಳು ಲಿಖಿತಾ. ಅಪ್ಪನ ಎತ್ತರದ ಸೈಕಲ್ಲಿನ ಬಾರಿನ ಅಡಿಯಿಂದ ಕಾಲು ತೂರಿಸಿ, ಒಳಪೆಡಲ್ ತುಳಿಯುತ್ತ ಕಾಫಿ ಕಣದ ತುಂಬ ಗಿರಗಿರ ಸುತ್ತುತ್ತಿದ್ದಳು. ಒಮ್ಮೆ ಒಣಗಲು ಹರಡಿದ್ದ ಕಾಫಿಯ ಮೇಲೇ ಓಡಿಸಿ, ಎಸ್ಟೇಟಿನ ದೊರೆಗಳ ಎದುರೇ ಅಪ್ಪನಿಂದ ಕಿವಿ ಹಿಂಡಿಸಿಕೊಂಡಿದ್ದಳು. ಪಕ್ಕದ ಮನೆಯ ಮುತ್ತಿಯ ಮಗಳು ರಶ್ಮಿತಾ ಆಗ ಏನು ಮಾಡುತ್ತಿದ್ದಳು? ಕ್ಯಾರಿಯರ್ ಮೇಲೆ ಕೂತು, ಕಣ್ಣು ಮುಚ್ಚಿ, ಲಿಖಿತಾಳ ಫ್ರಾಕನ್ನು ಎರಡೂ ಕೈಯಲ್ಲಿ ಹಿಡಿದು, ಬೀಳ್ತೀನಿ ಬೀಳ್ತೀನಿ ಎಂದು ಅಳುತ್ತಿದ್ದಳು. ಅವಳಿಗೆ ಸೈಕಲ್ ಕಲಿಸಿದ್ದೂ ಲಿಖಿತಾಳೇ.

ಆಮೇಲೆ ಓದು ಬಂತು, ಗೋಣಿಕೊಪ್ಪಲಿನ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಬಂತು, ಸ್ಕೂಟರ್ ಬಂತು. ಅಪ್ಪನ ಸೈಕಲ್ ಗುಜರಿಗೆ ಹೋಯಿತು. ಹೋದ ವರ್ಷದ ಹಿಂದಿನ ವರ್ಷ ಎಸ್ಟೇಟ್ ರಸ್ತೆಯಲ್ಲಿ ಮೌಂಟನ್ ಬೈಕ್ ರೇಸ್ ನಡೆಯಿತು. ಸ್ಕೂಟರ್ ಪಕ್ಕಕ್ಕೆ ನಿಲ್ಲಿಸಿ ನೋಡುತ್ತಿದ್ದ ಲಿಖಿತಾಳ ಮುಖಕ್ಕೆ ಯಾವನೋ ಕೆಸರು ಹಾರಿಸಿಕೊಂಡು ಹೋದ. ಅದನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ತನ್ನದೇ ಏನನ್ನೋ ಊರಿನವರೆಲ್ಲ ಹಂಚಿಕೊಂಡು ಆಡುತ್ತಿದ್ದಾರೆ, ತನ್ನನ್ನು ಮಾತ್ರ ಕರೆದಿಲ್ಲ ಎನ್ನಿಸಿತು. ಮುಂದಿನ ತಿಂಗಳೇ ಮೈಸೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದಳು.

"ನಾನೂ ಬರ್ಲಾ ಲಿಖೀ?" ಎಂದಳು ರಶ್ಮಿತಾ. ಅವಳು ಆಗ ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡುತ್ತ ಆರಾಮಾಗಿದ್ದಳು.

"ಬಾ ಮಾರಾಯ್ತಿ, ನಂಗೂ ಜೊತೆ ಆಗ್ತದೆ" ಎಂದಳು ಲಿಖಿತಾ. ಜನ್ಮದಲ್ಲಿ ಅಷ್ಟು ದೊಡ್ಡ ತಪ್ಪನ್ನು ಅವಳು ಬೇರೆ ಮಾಡಿರಲಿಲ್ಲ.

ಅವತ್ತಿನಿಂದ ಪ್ರತಿ ರೇಸಿನಲ್ಲೂ ಮುಂದೆ ರಶ್ಮಿತಾ, ಹಿಂದೆ ಲಿಖಿತಾ. ಕಣ್ಣು ಮುಚ್ಚಿ ಅಳುತ್ತಿದ್ದವಳು ಈಗ ಇಳಿಜಾರಿನಲ್ಲಿ ಕಲ್ಲು ಬಿದ್ದ ಹಾಗೆ ಬೀಳುತ್ತಿದ್ದಳು. ಜಂಬ ಪಟ್ಟಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು. ಆ ಪುಣ್ಯಾತ್ಗಿತ್ತಿ ಮೈಕ್ ಕೈಗೆ ಸಿಕ್ಕಿದಾಗಲೆಲ್ಲ "ನಂಗೆ ಸೈಕಲ್ ಕಲ್ಸಿದ್ದೇ ನಮ್ಮ ಲಿಖಿ" ಎನ್ನುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಎರಡನೇ ಮೆಟ್ಟಿಲ ಮೇಲೆ ನಿಂತ ಲಿಖಿತಾ ಹಲ್ಲು ಕಿರಿಯುತ್ತಿದ್ದಳು, ಹೊಟ್ಟೆಯೊಳಗೆ ಹಸಿಮೆಣಸು ಅರೆದ ಹಾಗಾಗುತ್ತಿತ್ತು.

ಈ ಸಲ ಆಯುಧಪೂಜೆ ಆದಮೇಲಿನ ಭಾನುವಾರದ ರೇಸಿನಲ್ಲಿ ಗೆದ್ದವಳಿಗೆ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವ ಜಿಲ್ಲಾ ಜರ್ಸಿ. ಹುಡುಗಿಯರಿಗೆ ಒಂದೇ ಜರ್ಸಿ. ಲಿಖಿತಾಳ ನಿದ್ದೆ ಹಾರಿಹೋಗಿತ್ತು.

ಭಾನುವಾರ ಮೈದಾನದಲ್ಲಿ ನಿಂತಿದ್ದ ಜೀಪುಗಳ ಬಂಪರಿನಲ್ಲಿ ಹಬ್ಬದ ಬಾಳೆಕಂದು ಇನ್ನೂ ಬಾಡುತ್ತಿತ್ತು. ಸೈಕಲ್ ಕ್ಲಬ್ ನಡೆಸುವ ನಿತೇಶ್ ಮೈಕಿನಲ್ಲಿ ಎಲ್ಲರನ್ನೂ ಕರೆಯುತ್ತಿದ್ದ. ರಶ್ಮಿತಾ ತನ್ನ ಬೈಕನ್ನು ಮರಕ್ಕೆ ಒರಗಿಸಿ ರೇಸಿನ ನಂಬರ್ ಚೀಟಿ ತರಲು ಹೋಗಿದ್ದಳು. ಅಷ್ಟರಲ್ಲಿ ಅವಳ ಅಮ್ಮ ಮುತ್ತಿ ಸೆರಗಿನಡಿ ಪೂಜೆ ತಟ್ಟೆ ಹಿಡಿದು ಬಂದರು.

"ಹಬ್ಬದ ದಿನ ಕತ್ತಿ, ಗುದ್ದಲಿ, ಮಿಕ್ಸಿ ಎಲ್ಲದಕ್ಕೂ ಪೂಜೆ ಆಯ್ತು ಲಿಖೀ. ಇದೊಂದು ಕ್ಲಬ್ಬಿನ ಶೆಡ್ಡಲ್ಲೇ ಉಳ್ದೋಯ್ತು. ಹಂಗೆ ಬಿಡ್ಬಾರ್ದು, ಕೋಪ ಮಾಡ್ಕೊಳ್ತದೆ."

ಹ್ಯಾಂಡಲಿಗೆ ಚೆಂಡುಹೂವು ಸಿಕ್ಕಿಸಿದರು. ಆಮೇಲೆ ಕುಂಕುಮಕ್ಕೆ ಜಾಗ ಹುಡುಕಿದರು. ಕೆಸರಿನ ಬೈಕಿನಲ್ಲಿ ಫಳಫಳ ಹೊಳೆಯುತ್ತಿದ್ದ ಜಾಗ ಒಂದೇ: ಚಕ್ರದ ನಡುವಿನ ಡಿಸ್ಕ್. ಬ್ರೇಕ್ ಹಿಡಿದರೆ ಎರಡು ಪುಟ್ಟ ಪ್ಯಾಡುಗಳು ಕಚ್ಚಿ ಹಿಡಿಯುವುದು ಆ ಉಕ್ಕಿನ ಬಿಲ್ಲೆಯನ್ನೇ. ಅದಕ್ಕೆ ಎಣ್ಣೆ ತಾಗಿದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಮುತ್ತಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ಇಟ್ಟರು. ಚಕ್ರ ತಿರುಗಿಸಿ, ಸಣ್ಣ ಬಾಟಲಿಯಿಂದ ತೆಂಗಿನೆಣ್ಣೆಯನ್ನೂ ಬಿಟ್ಟರು. "ತಿರುಗೋ ಜಾಗಕ್ಕೆ ಎಣ್ಣೆ ಬಿಡ್ಬೇಕು. ನಿಮ್ಮಪ್ಪ ಹಂಗೇ ಮಾಡ್ತಿದ್ದ, ಅಲ್ವಾ?" ಹಿಂದಿನ ಚಕ್ರಕ್ಕೂ ಬಿಟ್ಟರು. ಹೆಚ್ಚಾದದ್ದನ್ನು ಸೆರಗಿನಿಂದ ಒರೆಸಿದರು.

"ಸರಿ ಉಂಟಾ ಮಗಾ?"

ಲಿಖಿತಾ ಎಣ್ಣೆ ಮಿನುಗುತ್ತಿದ್ದ ಡಿಸ್ಕನ್ನೊಮ್ಮೆ ನೋಡಿದಳು.

"ಸರಿ ಉಂಟು ಅತ್ತೆ."

"ನಿಂದಕ್ಕೂ ಒಂಚೂರು ಹಾಕ್ಲಾ?"

"ಬೇಡ ಅತ್ತೆ!" ಲಿಖಿತಾ ಬೈಕನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. "ನಂದು ಮನೇಲೇ ಆಯ್ತು."

ರಶ್ಮಿತಾ ಓಡಿ ಬಂದು ಹೂವು ನೋಡಿ ನಕ್ಕಳು, ಅಮ್ಮನ ಕಾಲು ಮುಟ್ಟಿದಳು, ಸೀಟಿ ಬಿತ್ತು.

ಮೊದಲ ಅರ್ಧ ಬರೀ ಏರು. ಏರಿನಲ್ಲಿ ಯಾರಿಗೂ ಬ್ರೇಕ್ ನೆನಪಾಗುವುದಿಲ್ಲ. ಎಂದಿನಂತೆ ರಶ್ಮಿತಾ ಮುಂದೆ ಹೋದಳು. ಲಿಖಿತಾಳಿಗೆ ಮೊದಲ ಸಲ ಆ ಬೆನ್ನನ್ನು ನೋಡಿ ಉರಿಯಲಿಲ್ಲ. ಹೋಗು ಹೋಗು, ಇಳಿಜಾರು ಬರಲಿ, ನಿನ್ನ ಬಂಡವಾಳ ಬಯಲಾಗುತ್ತದೆ. ಒಂದು ಕಡೆ ಜಾರುತ್ತಾಳೆ, ಮಂಡಿ ತರಚಿಕೊಳ್ಳುತ್ತಾಳೆ, ಅಷ್ಟೇ ತಾನೆ? ತಾನೇನು ಎಣ್ಣೆ ಹಚ್ಚಿದಳೇ? ಹಚ್ಚಿದ್ದು ಹೆತ್ತ ತಾಯಿ.

ಹೀಗೆ ಲೆಕ್ಕ ಹಾಕಿಕೊಳ್ಳುತ್ತ ತುಳಿಯುತ್ತಿದ್ದವಳಿಗೆ ಕೆರೆ ತಿರುವು ನೆನಪಾಯಿತು. ಇಳಿಜಾರಿನ ಕೊನೆಗೆ ದಾರಿ ಗಕ್ಕನೆ ಎಡಕ್ಕೆ ಹೊರಳುತ್ತದೆ. ಹೊರಳದಿದ್ದರೆ ಎದುರಿಗೆ ಕಲ್ಲು ಕಟ್ಟಿದ ದಂಡೆ, ಅದರಾಚೆ ತೋಟದ ಕೆರೆ. ರಶ್ಮಿತಾ ಅಲ್ಲಿ ಕೊನೇ ಗಳಿಗೆಯವರೆಗೂ ಬ್ರೇಕ್ ಮುಟ್ಟುವುದಿಲ್ಲ. ಅವಳು ಗೆಲ್ಲುತ್ತಿದ್ದುದೇ ಅಲ್ಲಿ.

"ರಶ್ಮೀ! ನಿಲ್ಲೇ!" ಎಂದು ಕೂಗಿದಳು ಲಿಖಿತಾ. ಕೂಗಿ ಪ್ರಯೋಜನವಿಲ್ಲದಷ್ಟು ದೂರವಿದ್ದಳು ಅವಳು. ಹಿಡಿಯಬೇಕಿತ್ತು. ಎರಡು ವರ್ಷದಿಂದ ಹಿಡಿಯಲಾಗದವಳನ್ನು ಈಗಲೇ, ಈ ಏರಿನಲ್ಲೇ ಹಿಡಿಯಬೇಕಿತ್ತು. ಸೀಟಿನಿಂದ ಎದ್ದು ನಿಂತು ತುಳಿದಳು. ಎದೆ ಒಡೆಯುವ ಹಾಗಾಯಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ಗುಡ್ಡದ ನೆತ್ತಿಯಲ್ಲಿ ಚಕ್ರಕ್ಕೆ ಚಕ್ರ ಸಮನಾಯಿತು.

"ಬ್ರೇಕಿಲ್ಲ! ನಿಂಗೆ ಬ್ರೇಕಿಲ್ಲ ಕಣೇ!"

"ಸುಮ್ನಿರು ಮಾರಾಯ್ತಿ. ಹೆದರಿಸ್ತೀಯಾ ನನ್ನ?"

"ಹಿಡ್ದು ನೋಡು ಬೇಕಾರೆ!"

ರಶ್ಮಿತಾ ನಗುತ್ತಲೇ ಬ್ರೇಕ್ ಹಿಡಿದಳು. ಕ್ರೀಂ ಎಂದು ಹಂದಿ ಕಿರುಚಿದ ಹಾಗೆ ಸದ್ದಾಯಿತು, ಬೈಕ್ ನಿಲ್ಲಲಿಲ್ಲ. ಇಳಿಜಾರು ಆಗಲೇ ಎಳೆಯತೊಡಗಿತ್ತು. ಅವಳು ಕಾಲು ಊರಿ, ಉಜ್ಜಿ, ಕೊನೆಗೆ ದಾರಿ ಪಕ್ಕದ ಕಾಫಿ ಗಿಡದೊಳಗೆ ಬೈಕ್ ನುಗ್ಗಿಸಿ ಬಿದ್ದಳು.

ಎದ್ದವಳು ಡಿಸ್ಕ್ ಮುಟ್ಟಿ, ಬೆರಳನ್ನು ಮೂಸಿದಳು.

"ಅಮ್ಮ ಹಚ್ಚುವಾಗ ನೀನಲ್ಲೇ ಇದ್ದೆಯಾ?"

"ಇದ್ದೆ."

ರಶ್ಮಿತಾ ಅವಳನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಮ್ಮಂಗೆ ಗೊತ್ತಾಗೋದು ಬೇಡ. ತಡ್ಕೊಳ್ಳಲ್ಲ ಅವ್ಳು. ಹೋಗು ಈಗ, ಹಿಂದೆ ಮೂರನೆಯವಳು ಸುಮಿತಾ ಬರ್ತಾ ಇದ್ದಾಳೆ."

ಲಿಖಿತಾ ಹೋದಳು. ಹೋಗಬಾರದಿತ್ತೋ ಏನೋ, ಆದರೆ ಹೋದಳು. ಗೆದ್ದಳು. ನಿತೇಶ್ ಅವಳ ಹೆಗಲಿಗೆ ಜರ್ಸಿ ಹೊದಿಸಿದ. ಚಪ್ಪಾಳೆ ಬಿತ್ತು.

ಎಲ್ಲರೂ ಬಂದಾದ ಮೇಲೆ ರಶ್ಮಿತಾ ಬೈಕ್ ತಳ್ಳಿಕೊಂಡು ಬಂದಳು. ಒಂದು ಶೂವಿನ ಅಟ್ಟೆ ಕಿತ್ತು ನೇತಾಡುತ್ತಿತ್ತು. ನಿತೇಶ್ ಕುಕ್ಕರಗಾಲಲ್ಲಿ ಕೂತು ಡಿಸ್ಕ್ ನೋಡಿದ.

"ತೆಂಗಿನೆಣ್ಣೆ! ಯಾವ ಪುಣ್ಯಾತ್ಮ ಮಾರಾಯ್ರೆ ಇದು?"

"ನಾನೇ" ಎಂದಳು ರಶ್ಮಿತಾ. "ಕಿರಿಕಿರಿ ಸೌಂಡ್ ಬರ್ತಿತ್ತು, ಬಿಟ್ಟೆ."

ಗುಂಪು ಗೊಳ್ಳೆಂದಿತು. "ಇಡ್ಲಿಗೂ ಒಂಚೂರು ಉಳ್ಸಿದ್ದೀಯಾ ರಶ್ಮಿ?" ಎಂದ ಒಬ್ಬ. ಇನ್ನು ವರ್ಷಗಟ್ಟಲೆ ಇದೇ ತಮಾಷೆ. ಜನ ರಶ್ಮಿತಾಳನ್ನು ನೋಡಿ ಹೀಗೆ ನಗಬೇಕೆಂದು ಲಿಖಿತಾ ಎಷ್ಟು ಹಂಬಲಿಸಿದ್ದಳು! ಈಗ ಆ ನಗು ಕಿವಿಗೆ ಬೀಳುತ್ತಿದ್ದಂತೆ ಮತ್ತದೇ ಹಸಿಮೆಣಸು. ಅಮ್ಮನ ಮಾನ ಉಳಿಸಿ, ಲಿಖಿತಾಳ ಮಾನವನ್ನೂ ಉಳಿಸಿ, ರಶ್ಮಿತಾ ತಾನೊಬ್ಬಳೇ ನಗೆಪಾಟಲಾಗಿ ನಿಂತಿದ್ದಾಳೆ. ಇದರಲ್ಲೂ ಇವಳೇ ಮುಂದಾ? ಬೈಕಿನಲ್ಲಿ ಸೋಲಿಸಿದ್ದು ಸಾಲದೆ, ಒಳ್ಳೆಯತನದಲ್ಲೂ ಸೋಲಿಸುತ್ತಾಳಾ?

"ಅವಳಲ್ಲ. ನಾನು ಹಚ್ಚಿದ್ದು" ಎಂದುಬಿಟ್ಟಳು ಲಿಖಿತಾ.

ನಗು ನಿಂತಿತು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮುತ್ತಿ ಬಂದರು.

"ನೀನೆಲ್ಲಿ ಹಚ್ಚಿದ್ದು? ನಾನಲ್ವಾ ಹಚ್ಚಿದ್ದು?"

ನಿತೇಶ್ ಮೂವರನ್ನೂ ನೋಡಿದ. "ಒಂದು ಡಿಸ್ಕಿಗೆ ಮೂರು ಜನ ಎಣ್ಣೆ ಹಚ್ಚಿದ್ರಾ?"

"ನಾನೊಬ್ಳೇ. ಲಿಖಿ ಅಲ್ಲೇ ನಿಂತಿದ್ಲು. ಸರಿ ಉಂಟಾ ಅಂತ ಕೇಳ್ದೆ, ಸರಿ ಉಂಟು ಅಂದ್ಲು." ಮುತ್ತಿಗೆ ಎಲ್ಲರ ಮುಖ ನೋಡಿ ಗಾಬರಿಯಾಯಿತು. "ಯಾಕೆ, ಸರಿ ಇರ್ಲಿಲ್ವಾ?"

ಎಲ್ಲರ ಕಣ್ಣು ಲಿಖಿತಾಳ ಮೇಲಿತ್ತು.

"ಇರ್ಲಿಲ್ಲ ಅತ್ತೆ. ಗೊತ್ತಿದ್ದೇ ಸರಿ ಉಂಟು ಅಂದೆ." ಜರ್ಸಿ ತೆಗೆದು ರಶ್ಮಿತಾಳ ಕಡೆ ಚಾಚಿದಳು. "ತಗೋ. ನಿಂದೇ ಇದು."

ಮುತ್ತಿ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತರು. ರಶ್ಮಿತಾ ಅಮ್ಮನ ಬೆನ್ನು ಸವರುತ್ತ ಜರ್ಸಿಯತ್ತ ತಿರುಗಿಯೂ ನೋಡಲಿಲ್ಲ.

"ನೀನು ಬಿಟ್ಕೊಟ್ಟಿದ್ದು ನಂಗೆಂತಕ್ಕೆ? ನಿತೇಶಣ್ಣಾ, ಅದು ನಿಮ್ಮತ್ರ ಇರ್ಲಿ. ಮುಂದಿನ ಭಾನುವಾರ ನಾವಿಬ್ರೇ ಓಡಿಸ್ತೀವಿ. ಗೆದ್ದೋರು ತಗೊಳ್ಲಿ." ಆಮೇಲೆ ಲಿಖಿತಾಳ ಕಡೆ ತಿರುಗಿದಳು. ಕಣ್ಣು ಕೆಂಪಗಿತ್ತು. "ಅಷ್ಟರವರೆಗೆ ನನ್ಹತ್ರ ಮಾತಾಡ್ಬೇಡ."

ನಿತೇಶ್ ತಲೆಯಾಡಿಸಿ ಜರ್ಸಿ ಮಡಚಿದ. ಲಿಖಿತಾ ಹೂಂ ಎಂದಳು. ಇನ್ನೊಂದು ಸಲ ಓಡಿಸೋಣ ಎನ್ನುವ ಆ ಮಾತು ತನಗೇ ಮೊದಲು ಹೊಳೆಯಬೇಕಿತ್ತು, ಹೊಳೆಯಲಿಲ್ಲವಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.